ಹೆಬ್ಬೆರಳು ಕೊಟ್ಟ ಗುರು

ಸೂರ್ಯ ಮುಳುಗುವ ಹೊತ್ತಿಗೆ ಶುರುವಾದ ಕುಣಿತ ಮರುದಿನ ಸೂರ್ಯ ಹುಟ್ಟುವವರೆಗೂ ನಡೆಯುತ್ತಿತ್ತು. ಅಮೆರಿಕದ ಕೆಂಟಕಿ ರಾಜ್ಯದ ಪಶ್ಚಿಮ ಭಾಗ, ಅಲ್ಲಿನ ಓಹಾಯೊ ಕೌಂಟಿಯಲ್ಲಿ ರೋಸೈನ್ ಎಂಬ ಸಣ್ಣ ಹಳ್ಳಿ. ಕಾಲ 1920ರ ದಶಕ. ರೇಡಿಯೋ ಇನ್ನೂ ಮನೆಮನೆಗೆ ಬಂದಿರಲಿಲ್ಲ. ವಾರವೆಲ್ಲ ಹೊಲದಲ್ಲೋ ಕಲ್ಲಿದ್ದಲ ಗಣಿಯಲ್ಲೋ ಮೈ ಮುರಿದು ದುಡಿದವರಿಗೆ ವಾರದ ಕೊನೆಯಲ್ಲಿ ಒಂದು ಪಿಟೀಲು, ಒಂದು ಗಿಟಾರು ಕೇಳಲು ಸಿಕ್ಕರೆ ಅದೇ ಹಬ್ಬ. ಅಂಥ ಕುಣಿತಗಳಲ್ಲಿ ಪಿಟೀಲು ನುಡಿಸುತ್ತಿದ್ದವನು ಒಬ್ಬ ಕಪ್ಪು ಬಣ್ಣದ ಗಣಿ ಕೂಲಿ. ಪಕ್ಕದಲ್ಲಿ ಕುಳಿತು ಗಿಟಾರಿನಲ್ಲಿ ಸಾಥ್ ಕೊಡುತ್ತಿದ್ದವನು ಮೀಸೆ ಚಿಗುರದ ಒಬ್ಬ ಬಿಳಿಯ ಹುಡುಗ.

ಹುಡುಗನ ಹೆಸರು ಬಿಲ್ ಮನ್ರೋ. ಮುಂದೆ ಆತ ‘ಬ್ಲೂಗ್ರಾಸ್’ ಎಂಬ ಸಂಗೀತ ಪ್ರಕಾರದ ಜನಕನೆಂದು ಲೋಕಪ್ರಸಿದ್ಧನಾದ. ಕೂಲಿಯ ಹೆಸರು ಅರ್ನಾಲ್ಡ್ ಶುಲ್ಟ್ಸ್. ಆತ ಲೋಕದ ಲೆಕ್ಕದಲ್ಲಿ ಏನೂ ಆಗಲಿಲ್ಲ. ಅವನ ಹಾಡು, ವಾದನ ಯಾವುದೂ ಒಂದು ಗ್ರಾಮಫೋನ್ ತಟ್ಟೆಯ ಮೇಲೂ ಉಳಿದಿಲ್ಲ. 1931ರ ಏಪ್ರಿಲ್ ತಿಂಗಳಲ್ಲಿ, ಇನ್ನೂ ನಲವತ್ತೈದರ ವಯಸ್ಸಿನಲ್ಲಿ, ಆತ ಕಣ್ಣು ಮುಚ್ಚಿದ. ಆಸ್ತಿಯಿಲ್ಲ, ಪದಕವಿಲ್ಲ, ಪತ್ರಿಕೆಯಲ್ಲಿ ಹೊಗಳಿಕೆಯಿಲ್ಲ.

ಆದರೆ ಆತ ಸತ್ತು 89 ವರ್ಷಗಳಾದ ಮೇಲೆ, 2020ರಲ್ಲಿ, ಅವನ ಹೆಸರಿನಲ್ಲಿ ಒಂದು ನಿಧಿ ಹುಟ್ಟಿತು. ಬ್ಲೂಗ್ರಾಸ್ ಕಲಿಯಬೇಕೆಂಬ ಮಕ್ಕಳಿಗೆ, ಅದರಲ್ಲೂ ಆ ಸಂಗೀತದ ಬಾಗಿಲಲ್ಲೇ ನಿಂತುಹೋದ ಕಪ್ಪು ಜನರ ಹಾಗೂ ಇತರ ಬಿಳಿಯೇತರ ಸಮುದಾಯಗಳ ಮಕ್ಕಳಿಗೆ ನೆರವಾಗುವುದು ಅದರ ಉದ್ದೇಶ. ಏನನ್ನೂ ಬಿಟ್ಟುಹೋಗದ ಒಬ್ಬ ಕೂಲಿಯ ಸ್ಮಾರಕವಾಗಿ ಇಂಥದೊಂದು ನಿಧಿ ಏಕೆ? ಅಷ್ಟು ತಡವಾಗಿ ಏಕೆ? ಇದನ್ನು ತಿಳಿಯಬೇಕಾದರೆ ಆ ಕುಣಿತದ ಮನೆಗೇ ಮತ್ತೆ ಹೋಗಬೇಕು.

ನಾಲ್ಕು ತಂತಿಯ ಹುಡುಗ

ಬಿಲ್ ಮನ್ರೋ ಹುಟ್ಟಿದ್ದು 1911ರ ಸೆಪ್ಟೆಂಬರ್ 13ರಂದು. ಎಂಟು ಮಕ್ಕಳಲ್ಲಿ ಕೊನೆಯವನು. ಕಣ್ಣು ಓರೆ, ದೃಷ್ಟಿ ಮಂದ. ಹೊಸಬರು ಮನೆಗೆ ಬಂದರೆ ಎಲ್ಲಿ ನಗುತ್ತಾರೋ ಎಂದು ಹೆದರಿ ಕೊಟ್ಟಿಗೆಗೆ ಓಡಿ ಅವಿತುಕೊಳ್ಳುತ್ತಿದ್ದ ಸಂಕೋಚದ ಹುಡುಗ. ಮನೆಯಲ್ಲಿ ಸಂಗೀತವಿತ್ತು. ಆದರೆ ದೊಡ್ಡ ಅಣ್ಣಂದಿರು ಪಿಟೀಲು, ಗಿಟಾರುಗಳನ್ನು ಮೊದಲೇ ಹಿಡಿದುಕೊಂಡಿದ್ದರು. ಕಿರಿಯನ ಪಾಲಿಗೆ ಉಳಿದದ್ದು ಯಾರಿಗೂ ಬೇಡವಾದ ಮ್ಯಾಂಡೊಲಿನ್. ಅದರಲ್ಲೂ ಒಂದು ಷರತ್ತು. ಮ್ಯಾಂಡೊಲಿನ್‌ಗೆ ಎರಡೆರಡರಂತೆ ನಾಲ್ಕು ಜೋಡಿ, ಅಂದರೆ ಎಂಟು ತಂತಿಗಳು. ತಮ್ಮನ ಸದ್ದು ಜೋರಾಗಬಾರದೆಂದು ಅಣ್ಣಂದಿರು ಪ್ರತಿ ಜೋಡಿಯಿಂದ ಒಂದೊಂದು ತಂತಿ ಕಳಚಿಸಿದರು! ನಾಲ್ಕೇ ತಂತಿಯ ಮ್ಯಾಂಡೊಲಿನ್ ಹಿಡಿದು ಕುಳಿತ ಹುಡುಗನೇ ಮುಂದೆ ಆ ವಾದ್ಯವನ್ನು ತನ್ನ ಸಂಗೀತದ ಮುಂಚೂಣಿಗೆ ತಂದದ್ದು ವಿಧಿಯ ವಿನೋದವೇ ಸರಿ.

ಹತ್ತರ ಪ್ರಾಯದಲ್ಲಿ ತಾಯಿ ತೀರಿಕೊಂಡಳು. ಹದಿನಾರಕ್ಕೆ ತಂದೆಯೂ ಇಲ್ಲವಾದ. ಅಣ್ಣಂದಿರು ಕೆಲಸ ಹುಡುಕಿಕೊಂಡು ಊರು ಬಿಟ್ಟಿದ್ದರು. ಆಗ ಹುಡುಗನಿಗೆ ಆಸರೆಯಾದವನು ಸೋದರಮಾವ ಪೆನ್ ವ್ಯಾಂಡಿವರ್. ಪೆನ್ ಮಾಮ ಊರಿನ ಪಿಟೀಲುಗಾರ. ಹಳೆಯ ಕಾಲದ ನೂರಾರು ಧಾಟಿಗಳು ಅವನ ಬೆರಳ ತುದಿಯಲ್ಲಿದ್ದವು. ಅವನ ಹಿಂದೆ ಗಿಟಾರು ಹಿಡಿದು ಕುಳಿತೇ ಬಿಲ್ ತಾಳ ಕಲಿತ, ಧಾಟಿ ಕಲಿತ, ನಾಲ್ಕು ಕಾಸು ಸಂಪಾದಿಸುವುದನ್ನೂ ಕಲಿತ. ಈ ಮಾಮನ ಋಣವನ್ನು ಮನ್ರೋ ಮುಂದೆ ಒಂದು ಹಾಡಿನ ಮೂಲಕ ತೀರಿಸಿದ; ಆ ಹಾಡು ಪೆನ್ ಮಾಮನನ್ನು ಅಮರನನ್ನಾಗಿಸಿತು.

ಆದರೆ ಅದೇ ಊರಿನ ಸುತ್ತ ಮತ್ತೊಬ್ಬ ಗುರು ಇದ್ದ. ಅವನಿಗೆ ಹಾಡಿನ ಭಾಗ್ಯ ಬರಲಿಲ್ಲ.

ಗಣಿಯಿಂದ ಎದ್ದ ನಾದ

ಅರ್ನಾಲ್ಡ್ ಶುಲ್ಟ್ಸ್ ಹುಟ್ಟಿದ್ದು 1886ರಲ್ಲಿ, ಅದೇ ಓಹಾಯೊ ಕೌಂಟಿಯಲ್ಲಿ. ತಂದೆ ಗುಲಾಮನಾಗಿ ಹುಟ್ಟಿದವನು. ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಂವಿಧಾನದ ತಿದ್ದುಪಡಿಯ ಮೂಲಕ ರದ್ದು ಮಾಡಿದ್ದು 1865ರಲ್ಲಿ. ಅಂದರೆ ಬಿಡುಗಡೆಯಾದ ಜನರ ಮೊದಲ ತಲೆಮಾರಿನ ಮಗ ಈತ. ಬಂಧುಬಳಗದಲ್ಲೆಲ್ಲ ವಾದ್ಯಗಳಿದ್ದವು. ಗಣಿಯಲ್ಲಿ ಕಲ್ಲಿದ್ದಲು ತುಂಬುವುದು ಅನ್ನದ ಕೆಲಸ. ಗಿಟಾರು, ಪಿಟೀಲು ಜೀವದ ಕೆಲಸ. ಹೆಗಲಿಗೆ ಗಿಟಾರು ನೇತುಹಾಕಿಕೊಂಡು ಊರಿಂದೂರಿಗೆ ಅಲೆಯುತ್ತಿದ್ದವನನ್ನು, ಎಲ್ಲಿ ನಾಲ್ಕು ಜನ ಸೇರಿದರೋ ಅಲ್ಲಿ ಕುಳಿತು ನುಡಿಸುತ್ತಿದ್ದವನನ್ನು ಆ ಭಾಗದ ಮುದುಕರು ಬಹುಕಾಲ ನೆನಪಿಟ್ಟುಕೊಂಡಿದ್ದರು.

ಆತ ನುಡಿಸುತ್ತಿದ್ದ ಬಗೆ ಏನು? ಗಿಟಾರಿಗೆ ಆರು ತಂತಿ. ಮೇಲಿನ ಮೂರು ದಪ್ಪ. ದಪ್ಪ ತಂತಿ ನಿಧಾನವಾಗಿ ಕಂಪಿಸುತ್ತದೆ, ಆದ್ದರಿಂದ ಸ್ವರ ಮಂದ್ರ. ಕೆಳಗಿನ ಮೂರು ತೆಳು; ವೇಗವಾಗಿ ಕಂಪಿಸುತ್ತವೆ, ಸ್ವರ ತಾರ. ಆ ಕಾಲಕ್ಕೆ ಹಳ್ಳಿಗಳಲ್ಲಿ ಗಿಟಾರು ಇನ್ನೂ ಹೊಸ ವಾದ್ಯ. ಬಹಳ ಮಂದಿ ಆರೂ ತಂತಿಗಳನ್ನು ಒಟ್ಟಿಗೆ ಬಾರಿಸಿ ತಾಳಕ್ಕಷ್ಟೇ ಬಳಸುತ್ತಿದ್ದರು. ಶುಲ್ಟ್ಸ್ ಹಾಗಲ್ಲ. ಅವನ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದಾದ ಮೇಲೊಂದರಂತೆ ಗಡಿಯಾರದ ಲೋಲಕದ ಹಾಗೆ ತಾಳ ಹಿಡಿದರೆ, ಉಳಿದ ಬೆರಳು ತೆಳು ತಂತಿಗಳ ಮೇಲೆ ರಾಗ ಹೆಣೆಯುತ್ತಿತ್ತು. ಕಣ್ಣು ಮುಚ್ಚಿ ಕೇಳಿದವರಿಗೆ ಇಬ್ಬರು ನುಡಿಸುತ್ತಿದ್ದಾರೆಂಬ ಭ್ರಮೆ. ಒಂದು ಸ್ವರಮೇಳದಿಂದ ಮತ್ತೊಂದಕ್ಕೆ ಹೋಗುವಾಗ ನಡುವೆ ಆತ ತೂಗಿಬಿಡುತ್ತಿದ್ದ ಸ್ವರಗಳ ಸೊಗಸನ್ನು ಮನ್ರೋ ಮುಪ್ಪಿನವರೆಗೂ ಮೆಲುಕು ಹಾಕುತ್ತಿದ್ದ.

ಒಂದು ಪ್ರಸಂಗವನ್ನು ಆ ಭಾಗದವರು ಹೇಳಿ ಉಳಿಸಿದ್ದಾರೆ. 1920ರ ದಶಕದಲ್ಲಿ ಶುಲ್ಟ್ಸ್ ಫಾರೆಸ್ಟ್ ಫಾಟ್ ಎಂಬ ಬಿಳಿಯನ ತಂಡದಲ್ಲಿ ನುಡಿಸುತ್ತಿದ್ದ. ಉಳಿದವರೆಲ್ಲ ಬಿಳಿಯರು. ಕಪ್ಪು ಮನುಷ್ಯನನ್ನೇಕೆ ಕರೆತಂದೆ ಎಂದು ಕೆಲವೆಡೆ ಜನ ತಕರಾರು ತೆಗೆದರು. ಅವನ ಬಣ್ಣ ನೋಡಿ ಕರೆತಂದದ್ದಲ್ಲ, ವಾದನ ಕೇಳಿ ಕರೆತಂದೆ ಎಂಬರ್ಥದ ಉತ್ತರ ಕೊಟ್ಟು ಫಾಟ್ ತನ್ನ ಸಂಗಡಿಗನನ್ನು ಬಿಟ್ಟುಕೊಡಲಿಲ್ಲ. ಮಾತು ಸಣ್ಣದು. ಆದರೆ ಆ ಕಾಲ ಎಂಥದು ಎಂದು ಬಲ್ಲವರಿಗೆ ಅದರ ತೂಕ ಗೊತ್ತು.

ಬಿಳಿಯ ವಾದಕನೊಬ್ಬ ಅಸೂಯೆಯಿಂದ ವಿಷವಿಕ್ಕಿ ಶುಲ್ಟ್ಸನನ್ನು ಕೊಂದನೆಂಬ ಕಥೆಯೂ ಹರಡಿತ್ತು. ಮರಣದ ದಾಖಲೆ ಹೇಳುವುದು ಬೇರೆ: ಹೃದಯದ ಕವಾಟದ ಕಾಯಿಲೆ. ದಂತಕಥೆಯ ರೋಚಕತೆ ದಾಖಲೆಗಿಲ್ಲ. ಆದರೂ ದಾಖಲೆಯನ್ನು ನಂಬುವುದೇ ಲೇಸು. ಅವನ ಬದುಕಿಗೆ ನಿಜವಾಗಿ ಆದ ಅನ್ಯಾಯ ಹೇಳಲು ವಿಷದ ಕಥೆ ಬೇಕಿಲ್ಲ.

ಹೆಬ್ಬೆರಳಿನ ವಂಶಾವಳಿ

ಶುಲ್ಟ್ಸ್ ಶಾಲೆ ತೆರೆದು ಪಾಠ ಹೇಳಿದವನಲ್ಲ. ಬಳಿ ಬಂದು ಕುಳಿತವರನ್ನು ಓಡಿಸಲಿಲ್ಲ, ಅಷ್ಟೇ. ಕೆನಡಿ ಜೋನ್ಸ್ ಎಂಬ ಬಿಳಿಯ ಯುವಕ ಹಾಗೆ ಕುಳಿತು ನೋಡಿ ಕಲಿತ. ಸಿತಾರ್ ವಾದಕರು ಬೆರಳಿಗೆ ತೊಡುವ ಮಿಜರಾಬಿನಂಥ ಒಂದು ಉಗುರನ್ನು ಹೆಬ್ಬೆರಳಿಗೆ ತೊಟ್ಟು ಆ ನಾದಕ್ಕೆ ಮೊನಚು ತಂದ. ಜೋನ್ಸನಿಂದ ಪಕ್ಕದ ಮ್ಯೂಲನ್‌ಬರ್ಗ್ ಕೌಂಟಿಯ ಮೋಸ್ ರೇಗರ್ ಮತ್ತು ಐಕ್ ಎವರ್ಲಿ ಕಲಿತರು. ಇಬ್ಬರೂ ಗಣಿಯಲ್ಲಿ ದುಡಿದವರು. ಕ್ಷೌರದ ಕತ್ತರಿ ಹಿಡಿದೂ ಬದುಕಿದವರು. ಇವರ ಸುತ್ತ ಸುಳಿದಾಡಿ ಕಲಿತವನು 1917ರಲ್ಲಿ ಅದೇ ಕೌಂಟಿಯಲ್ಲಿ ಹುಟ್ಟಿದ ಮರ್ಲ್ ಟ್ರಾವಿಸ್. ಅವನು ರೇಡಿಯೋ ಸೇರಿದ. ಅಲ್ಲಿಗೆ ಹಳ್ಳಿಯ ಹೆಬ್ಬೆರಳು ದೇಶದ ಸೊತ್ತಾಯಿತು. ಇಂದಿಗೂ ಈ ಶೈಲಿಗೆ ‘ಟ್ರಾವಿಸ್ ಪಿಕಿಂಗ್’ ಎಂದೇ ಹೆಸರು. ‘ಶುಲ್ಟ್ಸ್ ಪಿಕಿಂಗ್’ ಎಂದು ಯಾರೂ ಕರೆಯುವುದಿಲ್ಲ!

ಈ ಸರಪಳಿ ಅಲ್ಲಿಗೇ ನಿಲ್ಲಲಿಲ್ಲ. ಐಕ್ ಎವರ್ಲಿಯ ಮಕ್ಕಳಾದ ಡಾನ್ ಮತ್ತು ಫಿಲ್ ‘ಎವರ್ಲಿ ಬ್ರದರ್ಸ್’ ಎಂದು ಹೆಸರಾದರು. ಆ ಸಹೋದರರ ಜೋಡಿ ದನಿಯನ್ನು ಮೆಚ್ಚಿ ಅನುಕರಿಸಿದವರಲ್ಲಿ ಇಂಗ್ಲೆಂಡಿನ ಬೀಟಲ್ಸ್ ತರುಣರೂ ಇದ್ದರು.

ಇನ್ನೊಂದು ಕೊಂಡಿ ವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸೀತು. ಟೆನೆಸೀ ರಾಜ್ಯದಲ್ಲಿ 1924ರಲ್ಲಿ ಹುಟ್ಟಿದ ಚೆಟ್ ಅಟ್ಕಿನ್ಸ್‌ಗೆ ಉಬ್ಬಸ. ಹವೆ ಬದಲಾಗಲೆಂದು ಜಾರ್ಜಿಯಾದಲ್ಲಿದ್ದ ತಂದೆಯ ಬಳಿಗೆ ಹೋದ. ಅಲ್ಲಿ ರೇಡಿಯೋದಲ್ಲಿ, ನೂರಾರು ಮೈಲಿ ದೂರದ ಸಿನ್ಸಿನಾಟಿ ನಗರದಿಂದ ತೇಲಿಬಂದ ಟ್ರಾವಿಸನ ಗಿಟಾರನ್ನು ಕೇಳಿದ. ಕಿವಿಗೆ ಕೇಳಿತು; ಬೆರಳು ಕಾಣಲಿಲ್ಲ. ಇಷ್ಟೊಂದು ಸ್ವರ ಹೊರಡಬೇಕಾದರೆ ಹೆಬ್ಬೆರಳಿನ ಜೊತೆಗೆ ಹಲವು ಬೆರಳು ಇರಲೇಬೇಕೆಂದು ಲೆಕ್ಕ ಹಾಕಿ ಹಾಗೇ ಸಾಧನೆ ಮಾಡಿದ. ಟ್ರಾವಿಸ್ ಬಳಸುತ್ತಿದ್ದುದು ಹೆಬ್ಬೆರಳು ಮತ್ತು ತೋರುಬೆರಳು ಎರಡನ್ನೇ ಎಂದು ತಿಳಿಯುವ ಹೊತ್ತಿಗೆ ಅಟ್ಕಿನ್ಸ್ ತನ್ನದೇ ಆದ ಹೊಸ ಶೈಲಿ ಕಟ್ಟಿಯಾಗಿತ್ತು. ತಪ್ಪು ಊಹೆಯೂ ಶ್ರದ್ಧೆಯ ಕೈಗೆ ಸಿಕ್ಕರೆ ವಿದ್ಯೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಹಾಗೆಂದು ಎಲ್ಲವನ್ನೂ ಒಬ್ಬನ ಖಾತೆಗೆ ಬರೆಯುವುದೂ ನ್ಯಾಯವಲ್ಲ. ಹೆಬ್ಬೆರಳಿನ ವಾದನ ಬೇರೆ ಕಡೆಗಳಲ್ಲೂ ಕಪ್ಪು ವಾದಕರಲ್ಲಿ ಬಳಕೆಯಲ್ಲಿತ್ತು. ಮನ್ರೋನ ಸಂಗೀತಕ್ಕೆ ಪೆನ್ ಮಾಮನೂ ಊರ ಚರ್ಚಿನ ಹಾಡುಗಾರಿಕೆಯೂ ಸಮಪಾಲು ಕೊಟ್ಟವು. ಶುಲ್ಟ್ಸನ ಕೊಡುಗೆಗೆ ಇರುವ ಸಾಕ್ಷಿ ಧ್ವನಿಮುದ್ರಿಕೆಯಲ್ಲ, ಶಿಷ್ಯರ ನೆನಪು. ಆದರೆ ಹಲವು ಶಿಷ್ಯರು, ಹಲವು ಊರುಗಳಲ್ಲಿ, ಒಬ್ಬನ ಹೆಸರನ್ನೇ ಹೇಳಿದಾಗ ಅದು ಬರಿಯ ದಂತಕಥೆಯಾಗಿ ಉಳಿಯುವುದಿಲ್ಲ.

ಎರಡು ಖಾತೆ

ಶುಲ್ಟ್ಸನ ಸಂಗೀತ ತಟ್ಟೆಯ ಮೇಲೆ ಬೀಳದಿರಲು ಅವನ ದುರದೃಷ್ಟವೊಂದೇ ಕಾರಣವಲ್ಲ. 1920ರ ದಶಕದಲ್ಲಿ ಅಮೆರಿಕದ ಗ್ರಾಮಫೋನ್ ಕಂಪನಿಗಳು ದಕ್ಷಿಣದ ಹಳ್ಳಿ ಸಂಗೀತವನ್ನು ಮುದ್ರಿಸಿ ಮಾರಲು ಶುರುಮಾಡಿದವು. ಮಾರಾಟದ ಅನುಕೂಲಕ್ಕೆಂದು ಎರಡು ಪಟ್ಟಿ ಮಾಡಿದವು. ಕಪ್ಪು ಗ್ರಾಹಕರಿಗೆ ‘ರೇಸ್ ರೆಕಾರ್ಡ್ಸ್’, ಬಿಳಿಯ ಗ್ರಾಹಕರಿಗೆ ‘ಹಿಲ್‌ಬಿಲಿ’ ಅಥವಾ ಹಳೆಯ ಧಾಟಿಯ ಹಾಡುಗಳು. ಈ ಎರಡನೆಯ ಪಟ್ಟಿಯೇ ಮುಂದೆ ‘ಕಂಟ್ರಿ ಸಂಗೀತ’ವಾಯಿತು. ಹಳ್ಳಿಯ ಕುಣಿತದಲ್ಲಿ ಒಂದೇ ಚಾವಣಿಯ ಕೆಳಗಿದ್ದ ನಾದವನ್ನು ಅಂಗಡಿಯ ಕಪಾಟು ಎರಡಾಗಿ ಸೀಳಿತು. ಕಪ್ಪು ಮನುಷ್ಯ ಪಿಟೀಲು ಹಿಡಿದು ಹಳ್ಳಿಯ ಧಾಟಿ ನುಡಿಸಿದರೆ ಅದನ್ನು ಇಡುವ ಕಪಾಟು ಯಾವುದು? ಇಡಲು ಜಾಗವಿಲ್ಲದ್ದನ್ನು ಮುದ್ರಿಸುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ.

ಶುಲ್ಟ್ಸ್ ಒಬ್ಬನೇ ಅಲ್ಲ. ಕಂಟ್ರಿ ಸಂಗೀತದ ಆದ್ಯರೆಂದು ಮನ್ನಣೆ ಪಡೆದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಬೆಟ್ಟದ ಊರುಗಳಲ್ಲಿ ಹಾಡು ಸಂಗ್ರಹಿಸಲು ಹೊರಟಾಗ ಜೊತೆಗಿದ್ದವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರುಗಾರ. ಕಾರ್ಟರ್ ಹಾಡಿನ ಮಾತು ಬರೆದುಕೊಂಡರೆ ರಿಡಲ್ ಅದರ ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದ. ನ್ಯಾಶ್‌ವಿಲ್ ರೇಡಿಯೋದ ಹೆಸರಾಂತ ‘ಗ್ರ್ಯಾಂಡ್ ಓಲ್ ಆಪ್ರಿ’ ಕಾರ್ಯಕ್ರಮದ ಆರಂಭದ ತಾರೆಗಳಲ್ಲಿ ಒಬ್ಬ ಡಿಫೋರ್ಡ್ ಬೇಲಿ, ಹಾರ್ಮೊನಿಕಾ ವಾದಕ, ಕಪ್ಪು ಮನುಷ್ಯ. 1941ರಲ್ಲಿ ಅವನನ್ನು ಕೈಬಿಟ್ಟರು. ಅನಂತರ ಆತ ಅದೇ ನಗರದಲ್ಲಿ ಬೂಟು ಪಾಲಿಶಿನ ಅಂಗಡಿ ಇಟ್ಟು ಬದುಕಿದ. 1982ರಲ್ಲಿ ಸತ್ತವನನ್ನು ಕಂಟ್ರಿ ಸಂಗೀತದ ಕೀರ್ತಿ ಮಂದಿರಕ್ಕೆ ಸೇರಿಸಿಕೊಂಡದ್ದು 2005ರಲ್ಲಿ.

ಇತ್ತ ಮನ್ರೋ ಬೆಳೆದ. ಅಣ್ಣಂದಿರ ಹಿಂದೆ ಉತ್ತರಕ್ಕೆ ಹೋಗಿ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ದುಡಿದ. ಆಮೇಲೆ ಸಂಗೀತವನ್ನೇ ನೆಚ್ಚಿದ. 1939ರಲ್ಲಿ ಆಪ್ರಿ ವೇದಿಕೆ ಏರಿದ. ತನ್ನ ಕೆಂಟಕಿಯನ್ನು ‘ಬ್ಲೂಗ್ರಾಸ್ ರಾಜ್ಯ’ ಎಂದು ಕರೆಯುವ ರೂಢಿಯಿದ್ದುದರಿಂದ ತಂಡಕ್ಕೆ ‘ಬ್ಲೂ ಗ್ರಾಸ್ ಬಾಯ್ಸ್’ ಎಂದು ಹೆಸರಿಟ್ಟ. 1945ರ ಕೊನೆಗೆ ಉತ್ತರ ಕ್ಯಾರೊಲಿನಾದ ಅರ್ಲ್ ಸ್ಕ್ರಗ್ಸ್ ಎಂಬ 21ರ ತರುಣ ಬ್ಯಾಂಜೋ ಹಿಡಿದು ಬಂದು ಸೇರಿದ ಮೇಲೆ ಆ ಸಂಗೀತಕ್ಕೆ ಪೂರ್ಣ ರೂಪ ಬಂತು. ಪಿಟೀಲು, ಮ್ಯಾಂಡೊಲಿನ್, ಬ್ಯಾಂಜೋ, ಗಿಟಾರು, ದೊಡ್ಡ ಬಾಸ್. ಎಲ್ಲ ತಂತಿ ವಾದ್ಯಗಳೇ. ಡೋಲಿಲ್ಲ, ವಿದ್ಯುತ್ತಿಲ್ಲ. ಒಬ್ಬೊಬ್ಬರೂ ಸರದಿಯಂತೆ ಮುಂದೆ ಬಂದು ನುಡಿಸಿ ಹಿಂದೆ ಸರಿಯುತ್ತಾರೆ; ಮೇಲೆ ಎತ್ತರದ ಕಂಠದ ಹಾಡುಗಾರಿಕೆ. ತಂಡದ ಹೆಸರೇ ಸಂಗೀತದ ಹೆಸರಾಯಿತು.

ಬ್ಯಾಂಜೋ ಎಲ್ಲಿಂದ ಬಂತು?

ಬ್ಲೂಗ್ರಾಸ್ ಎಂದೊಡನೆ ಕಿವಿಗೆ ಬರುವುದು ಬ್ಯಾಂಜೋದ ಟಿಣಿಟಿಣಿ. ಅದಕ್ಕೆ ಕಾರಣ ಸರಳ. ಗಿಟಾರಿನಲ್ಲಿ ತಂತಿಯ ಕಂಪನ ಮರದ ಹಲಗೆಗೆ ಸಾಗುತ್ತದೆ. ಬ್ಯಾಂಜೋದಲ್ಲಿ ಅದು ಬಿಗಿದ ಚರ್ಮಕ್ಕೆ ಸಾಗುತ್ತದೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ. ಹಗುರವಾದ ಆ ಪೊರೆ ತಂತಿಯ ಶಕ್ತಿಯನ್ನು ಬೇಗ ಹೀರಿ ಗಾಳಿಗೆ ಎಸೆದುಬಿಡುತ್ತದೆ. ಆದ್ದರಿಂದ ಸದ್ದು ಜೋರು, ಆಯುಸ್ಸು ಅಲ್ಪ. ಒಂದು ಸ್ವರ ಸಾಯುವ ಮೊದಲೇ ಮತ್ತೊಂದು ಹುಟ್ಟಬೇಕು. ಸ್ಕ್ರಗ್ಸ್ ಮೂರು ಬೆರಳುಗಳಿಂದ ಬಿಡುವಿಲ್ಲದೆ ಉರುಳಿಸುತ್ತಿದ್ದ ಸ್ವರಗಳ ಮಳೆ ಇದಕ್ಕೇ ಹೇಳಿಮಾಡಿಸಿದಂತಿತ್ತು.

ಆದರೆ ಈ ವಾದ್ಯ ಅಮೆರಿಕದ ಬೆಟ್ಟಗಳಲ್ಲಿ ಹುಟ್ಟಿದ್ದಲ್ಲ. ಸೋರೆಬುರುಡೆಗೆ ಚರ್ಮ ಬಿಗಿದು, ಉದ್ದನೆಯ ಕೋಲಿಗೆ ತಂತಿ ಕಟ್ಟಿದ ವಾದ್ಯಗಳು ಪಶ್ಚಿಮ ಆಫ್ರಿಕದಲ್ಲಿ ಇಂದಿಗೂ ಇವೆ. ಸೆನೆಗಲ್, ಗ್ಯಾಂಬಿಯಾ ಪ್ರದೇಶದ ‘ಅಕೊಂಟಿಂಗ್’ ಅಂಥದೊಂದು. ಅದರಲ್ಲೂ ಬ್ಯಾಂಜೋದಲ್ಲಿರುವಂತೆ ಗಿಡ್ಡನೆಯ ಒಂದು ಶ್ರುತಿತಂತಿಯುಂಟು. ಹಡಗಿನ ಹೊಟ್ಟೆಯಲ್ಲಿ ಸರಪಳಿ ಹಾಕಿ ತಂದ ಜನ ಕೈಯಲ್ಲಿ ಏನನ್ನೂ ತರಲಾರದೆ ಹೋದರೂ ತಲೆಯಲ್ಲಿ ಇದನ್ನು ತಂದರು. ಹ್ಯಾನ್ಸ್ ಸ್ಲೋನ್ ಎಂಬ ವೈದ್ಯ 1680ರ ದಶಕದಲ್ಲಿ ಜಮೈಕಾ ದ್ವೀಪದ ಗುಲಾಮರ ಬಳಿ ಕಂಡ ಇಂಥ ವಾದ್ಯಗಳ ಚಿತ್ರ 1707ರ ಅವನ ಪುಸ್ತಕದಲ್ಲಿದೆ. 19ನೆಯ ಶತಮಾನದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಅದೇ ಬ್ಯಾಂಜೋ ನುಡಿಸಿ ಕಪ್ಪು ಜನರನ್ನು ಅಣಕಿಸಿದರು. ಆ ಅಣಕದ ಕಹಿಯಿಂದ, ಮತ್ತೆ ಬೇರೆ ಕಾರಣಗಳಿಂದಲೂ, ಕಪ್ಪು ಕುಟುಂಬಗಳು ಕ್ರಮೇಣ ಬ್ಯಾಂಜೋ ಕೆಳಗಿಟ್ಟವು. ಅಜ್ಜನ ವಾದ್ಯ ಮೊಮ್ಮಗನಿಗೆ ಅಪರಿಚಿತವಾಯಿತು.

ಮನ್ರೋ ಮಾತ್ರ ಮರೆಯಲಿಲ್ಲ. ಕೇಳಿದವರಿಗೆಲ್ಲ ಶುಲ್ಟ್ಸನ ಹೆಸರು ಹೇಳಿದ. 1996ರಲ್ಲಿ ಆತ ಸಾಯುವ ಹೊತ್ತಿಗೆ ಬ್ಲೂಗ್ರಾಸ್ ಉತ್ಸವಗಳಿಗೆ ಲೆಕ್ಕವಿರಲಿಲ್ಲ. ಆದರೆ ವೇದಿಕೆಯ ಮೇಲೆ, ಕೆಳಗೆ, ಎಲ್ಲಿ ನೋಡಿದರೂ ಬಹುತೇಕ ಬಿಳಿಯ ಮುಖಗಳೇ.

ತಿರುವು ಬಂದದ್ದು ಮತ್ತೆ ಒಬ್ಬ ಮುದುಕನ ಮನೆಯಿಂದ. ಉತ್ತರ ಕ್ಯಾರೊಲಿನಾದ ಮೆಬೇನ್ ಊರಿನ ಜೋ ಥಾಂಪ್ಸನ್, 1918ರಲ್ಲಿ ಹುಟ್ಟಿದ ಕಪ್ಪು ಪಿಟೀಲುಗಾರ. ಬದುಕಿನುದ್ದಕ್ಕೂ ಪೀಠೋಪಕರಣದ ಕಾರ್ಖಾನೆಯಲ್ಲಿ ದುಡಿದವನು. ಮನೆತನದ ಹಳೆಯ ಧಾಟಿಗಳನ್ನು ಕಾಪಿಟ್ಟುಕೊಂಡಿದ್ದ ಕೊನೆಯ ಕೆಲವರಲ್ಲಿ ಒಬ್ಬ. 2005ರಲ್ಲಿ ಬೂನ್ ಪಟ್ಟಣದಲ್ಲಿ ಕಪ್ಪು ಬ್ಯಾಂಜೋ ವಾದಕರ ಸಮಾವೇಶ ನಡೆಯಿತು. ಆ ಹೊತ್ತಿಗೆ ಒಟ್ಟುಗೂಡಿದ ಮೂವರು ತರುಣರು, ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್ ಮತ್ತು ಜಸ್ಟಿನ್ ರಾಬಿನ್ಸನ್, ವಾರವಾರ ಈ ಮುದುಕನ ಮನೆಗೆ ಹೋಗಿ ಕುಳಿತು ಕಲಿತರು. ಹಾಗೆ ಕಟ್ಟಿದ ತಂಡ ‘ಕ್ಯಾರೊಲಿನಾ ಚಾಕಲೇಟ್ ಡ್ರಾಪ್ಸ್’ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಆಪೆರಾ ಹಾಡುಗಾರಿಕೆ ಕಲಿತು ಬಂದಿದ್ದ ಗಿಡೆನ್ಸ್ ಬ್ಯಾಂಜೋ ಹಿಡಿದು ತನ್ನ ಬೇರು ಹುಡುಕಿಕೊಂಡವರು. 2017ರಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಗೀತ ಸಂಘದ ಸಮ್ಮೇಳನದಲ್ಲಿ ಅವರು ಮುಖ್ಯ ಭಾಷಣ ಮಾಡಿದರು. ಈ ಸಂಗೀತ ಯಾರೊಬ್ಬರ ಮನೆಯ ಸೊತ್ತೂ ಅಲ್ಲ, ಬೆರೆತು ಹುಟ್ಟಿದ್ದು. ಬೆರೆತದ್ದನ್ನು ಒಪ್ಪಿಕೊಳ್ಳದೆ ಬಾಗಿಲು ತೆರೆದಿದೆ ಎನ್ನುವುದರಲ್ಲಿ ಅರ್ಥವಿಲ್ಲ ಎಂಬುದು ಅವರ ಮಾತಿನ ಸಾರ. ಮೂರು ವರ್ಷದ ಮೇಲೆ, ಆ ಸಂಘದ ಪ್ರತಿಷ್ಠಾನ ಅರ್ನಾಲ್ಡ್ ಶುಲ್ಟ್ಸ್ ನಿಧಿಯನ್ನು ಸ್ಥಾಪಿಸಿತು.

ದಾನವಲ್ಲ, ಋಣ

ಈಗ ತಂದೆತಾಯಿಯರ ಸಹಜ ಪ್ರಶ್ನೆ: ಹಳ್ಳಿಯ ಹಾಡಿಗೂ ವಿದ್ಯಾರ್ಥಿವೇತನವೆ? ಇದನ್ನೂ ಕಾಲೇಜಿನಲ್ಲಿ ಕಲಿಯಬೇಕೆ?

ಅಮೆರಿಕದಲ್ಲಿ ಕಲಿಯುತ್ತಾರೆ. ಟೆಕ್ಸಸ್‌ನ ಲೆವೆಲ್ಯಾಂಡ್ ಎಂಬಲ್ಲಿನ ಸೌತ್ ಪ್ಲೇನ್ಸ್ ಕಾಲೇಜು 1970ರ ದಶಕದಲ್ಲೇ ಕಂಟ್ರಿ ಮತ್ತು ಬ್ಲೂಗ್ರಾಸ್ ಪಾಠ ಆರಂಭಿಸಿತು. ಟೆನೆಸೀಯ ಜಾನ್ಸನ್ ಸಿಟಿಯಲ್ಲಿರುವ ಈಸ್ಟ್ ಟೆನೆಸೀ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1982ರಲ್ಲಿ ಶುರುವಾದ ತರಗತಿಗಳು ಬೆಳೆದು ಪದವಿ ಶಿಕ್ಷಣವೇ ಆಗಿವೆ. ಅಲ್ಲಿ ವಾದ್ಯ ನುಡಿಸುವುದರ ಜೊತೆಗೆ ಇತಿಹಾಸ ಓದಬೇಕು, ಧ್ವನಿಮುದ್ರಣ ಕಲಿಯಬೇಕು, ತಂಡದಲ್ಲಿ ಹೊಂದಿಕೊಂಡು ನುಡಿಸಬೇಕು. ಆದರೆ ಓದಿಗೆ ಹಣ ಬೇಕು. ಒಳ್ಳೆಯ ವಾದ್ಯಕ್ಕೆ ಹಣ ಬೇಕು. ಶಿಬಿರಕ್ಕೆ, ಉತ್ಸವಕ್ಕೆ ಹೋಗಿಬರಲು ಹಣ ಬೇಕು. ಮನೆಯಲ್ಲಿ ಅಪ್ಪನೋ ಅಜ್ಜನೋ ನುಡಿಸುವವನಾದರೆ ಹುಡುಗನಿಗೆ ಹಾದಿ ಅರ್ಧ ಸವೆದಂತೆ. ಇಲ್ಲದವನಿಗೆ ಮೊದಲ ಮೆಟ್ಟಿಲೇ ಕಾಣದು. ಇಂಥ ಕಡೆ ದಿವಂಗತರ ಹೆಸರಿನ ಒಂದು ವಿದ್ಯಾರ್ಥಿವೇತನ ಊರುಗೋಲಾಗುತ್ತದೆ.

ಸಂಗೀತಕ್ಕೆ ಬಣ್ಣವಿದೆಯೆ, ಪ್ರತಿಭೆ ನೋಡಿ ಕೊಟ್ಟರೆ ಸಾಲದೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಂಗೀತಕ್ಕೆ ಬಣ್ಣವಿಲ್ಲ ನಿಜ. ಅಂಗಡಿಯ ಕಪಾಟಿಗೆ ಇತ್ತು, ವೇದಿಕೆಗೆ ಇತ್ತು. ಶುಲ್ಟ್ಸನ ಪ್ರತಿಭೆಗೆ ಕೊರತೆ ಏನಿತ್ತು? ಅದೇ ಪ್ರತಿಭೆ ಕೊಂಡಿಯಿಂದ ಕೊಂಡಿಗೆ ಸಾಗಿ ಬಿಳಿಯರ ಬೆರಳಿಗೆ ಬಂದಾಗ ರೇಡಿಯೋ ಕರೆಯಿತು, ತಟ್ಟೆ ತಿರುಗಿತು, ಕೀರ್ತಿ ಬಂತು. ಮೂಲದವನು ಕಲ್ಲಿದ್ದಲು ತುಂಬುತ್ತಲೇ ಉಳಿದ. ಕಲಿತವರು ಕಳ್ಳರಲ್ಲ, ಮೆಚ್ಚಿ ಕಲಿತರು, ಹೆಚ್ಚಿನವರು ಗುರುವನ್ನು ನೆನೆದರು. ಆದರೆ ನೆನೆಯುವುದು ಬೇರೆ, ಹಿಂತಿರುಗಿಸುವುದು ಬೇರೆ. 2020ರ ನಿಧಿ ಹಿಂತಿರುಗಿಸುವ ಯತ್ನ. ಅದನ್ನು ಪಡೆಯುವ ಹುಡುಗ ಹುಡುಗಿಯರು ದಾನ ಪಡೆಯುತ್ತಿಲ್ಲ. ಬಹಳ ಹಿಂದೆಯೇ ಸಲ್ಲಬೇಕಾಗಿದ್ದ ಬಾಕಿಯಲ್ಲಿ ಒಂದಂಶ ಪಡೆಯುತ್ತಿದ್ದಾರೆ.

ಹಣ ಸಂಗೀತ ಕಲಿಸುವುದಿಲ್ಲ ಎಂಬ ಮಾತೂ ಸತ್ಯ. ಮನ್ರೋನಿಗೆ ಯಾರೂ ವಿದ್ಯಾರ್ಥಿವೇತನ ಕೊಟ್ಟಿರಲಿಲ್ಲ. ಆದರೆ ಅದಕ್ಕಿಂತ ದೊಡ್ಡದನ್ನು ಒಬ್ಬ ಕೊಟ್ಟಿದ್ದ. ಓರೆಗಣ್ಣಿನ, ತಬ್ಬಲಿ ಹುಡುಗನನ್ನು ನೋಡಿ ನಗದೆ, ಪಕ್ಕದಲ್ಲಿ ಜಾಗ ಬಿಟ್ಟು, ಬಾ ಕುಳಿತುಕೋ ಎಂದಂತೆ ಬೆಳಗಿನವರೆಗೆ ಜೊತೆಯಲ್ಲಿ ನುಡಿಸಿದ್ದ. ಯಾವ ವಿದ್ಯೆಯೇ ಆಗಲಿ ಶುರುವಾಗುವುದು ಹೀಗೆ ಪಕ್ಕದಲ್ಲಿ ಸಿಕ್ಕ ಜಾಗದಿಂದ. ಲೆಕ್ಕವಾಗಲಿ, ವಿಜ್ಞಾನವಾಗಲಿ, ವೀಣೆಯಾಗಲಿ, ಮಗುವಿಗೆ ಮೊದಲು ಬೇಕಾದುದು ಅದು. ಸ್ಮಾರಕ ವಿದ್ಯಾರ್ಥಿವೇತನ ಮಾಡುವುದೂ ಅಷ್ಟೇ: ಸತ್ತವನ ಪರವಾಗಿ ಬದುಕಿರುವ ಮಗುವಿಗೆ ಕುಳಿತುಕೊಳ್ಳಲು ಜಾಗ ಮಾಡಿಕೊಡುವುದು.

ಮಹಾಭಾರತದ ಏಕಲವ್ಯನ ಕಥೆ ಎಲ್ಲ ಮಕ್ಕಳೂ ಬಲ್ಲರು. ಅಲ್ಲಿ ಗುರು ಜೊತೆಗೆ ಕೂರಿಸಿಕೊಳ್ಳಲಿಲ್ಲ. ಮರೆಯಲ್ಲಿ ಕಲಿತದ್ದಕ್ಕೆ ಶಿಷ್ಯನ ಹೆಬ್ಬೆರಳನ್ನೇ ದಕ್ಷಿಣೆಯಾಗಿ ಕೇಳಿದ. ಕೆಂಟಕಿಯ ಕಥೆಯಲ್ಲಿ ಎಲ್ಲ ತಲೆಕೆಳಗು. ಇಲ್ಲಿ ದೂರ ಇಡಲ್ಪಟ್ಟವನೇ ಗುರು. ಆತ ಶಿಷ್ಯರನ್ನು ಕೂರಿಸಿಕೊಂಡ, ತನ್ನ ಹೆಬ್ಬೆರಳಿನ ವಿದ್ಯೆಯನ್ನು ಕೈಬಿಚ್ಚಿ ಕೊಟ್ಟ, ದಕ್ಷಿಣೆ ಕೇಳಲಿಲ್ಲ. ಕೊಡಬೇಕೆನ್ನಿಸುವ ಹೊತ್ತಿಗೆ ತೆಗೆದುಕೊಳ್ಳಲು ಆತ ಇರಲಿಲ್ಲ.

ಆದ್ದರಿಂದ ಆ ದಕ್ಷಿಣೆ ಈಗ ಅವನು ಕಾಣದ ಮಕ್ಕಳಿಗೆ ಸಲ್ಲುತ್ತಿದೆ. ಅವರಲ್ಲಿ ಯಾರೋ ಒಬ್ಬರು ಗಿಟಾರು ಹಿಡಿದು, ದಪ್ಪ ತಂತಿಯ ಮೇಲೆ ಹೆಬ್ಬೆರಳಿಟ್ಟು ಮೊದಲ ತಾಳ ಹಾಕಿದಾಗ, ಧ್ವನಿಮುದ್ರಿಕೆಯೇ ಇಲ್ಲದ ಅರ್ನಾಲ್ಡ್ ಶುಲ್ಟ್ಸನನ್ನು ಕೇಳಿದಂತೆಯೇ.